ಕಾಕಾ ಗಟ್ಟಿಯಾಗಿ ಓದದ ಅರ್ಜಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಇಳಕಲ್ಲಿನ ಗೆಳತಿ ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು. ಮುಖ ನನ್ನದು, ಕೆಳಗಿನ ಬೆತ್ತಲೆ ಮೈ ನನ್ನದಲ್ಲ. ಅದು ಇನ್ನೂ ಎಷ್ಟು ಜನರಿಗೆ ಹೋಗಿತ್ತೋ ತಿಳಿಯಲಿಲ್ಲ. ಮಧ್ಯಾಹ್ನ ಹುನಗುಂದದ ಕೋರ್ಟಿನೆದುರು ಅರ್ಜಿ ಟೈಪ್ ಮಾಡುವ, ಎಲ್ಲರೂ ಕಾಕಾ ಎನ್ನುವ ಹಿರಿಯರ ಮುಂದೆ ಕುಳಿತಿದ್ದೆ.

ಕಾಕಾ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಅಕ್ಷರ ಬಾರದವರು ಮೋಸಹೋಗಬಾರದೆಂದು ಪ್ರತಿ ಅರ್ಜಿಯನ್ನೂ ಗಟ್ಟಿಯಾಗಿ ಓದಿ, “ತಪ್ಪಿದ್ರ ಈಗ ಹೇಳ್ರಿ” ಎನ್ನುತ್ತಿದ್ದರು. ಹೀಗಾಗಿ ಎಲ್ಲರ ಮನೆಜಗಳವೂ ಪಕ್ಕದ ಚಹಾದಂಗಡಿಗೆ ಕೇಳುತ್ತಿತ್ತು.

“ಫೋಟೋ ನಿಂದ ಏನವಾ?”

“ಮಾರಿ ಅಷ್ಟ ನಂದು, ಕಾಕಾ.”

“ಮೈ ಯಾರ್ದು?”

“ಯಾರ್ದೂ ಅಲ್ರಿ. ಕಂಪ್ಯೂಟರ್ ಮಾಡಿದ್ದು.”

ಅವರ ಬೆರಳುಗಳು ನಿಂತವು. “ಯಾರ್ದೂ ಅಲ್ಲದ ಮೈ ತೋರ್ಸಿದ್ರ, ಮಾನ ಯಾರ್ದು ಹೋತು ಅಂತ ಬರೀಲಿ?”

“ನಂದ ಹೋಗೇತ್ರಿ.”

“ಖರೆ,” ಎಂದು ಅದನ್ನೇ ಬರೆದರು. ಯಾವ ಕಲಂ ಹಾಕಬೇಕೆಂದು ಅವರಿಗೂ ತಿಳಿಯಲಿಲ್ಲ, ಪದವಿ ಓದಿದ ನನಗೂ ತಿಳಿಯಲಿಲ್ಲ. ಆ ಜಾಗ ಖಾಲಿ ಬಿಟ್ಟರು.

ಆಮೇಲೆ ಅಭ್ಯಾಸದಂತೆ ಹಾಳೆ ಹಿಡಿದು ಓದಲು ಬಾಯಿ ತೆರೆದವರು, ಚಹಾದಂಗಡಿಯತ್ತ ನೋಡಿ ಸುಮ್ಮನಾದರು. ಹಾಳೆಯನ್ನು ನನ್ನ ಕೈಗಿತ್ತು, “ನೀನ ಓದ್ಕೋ. ತಪ್ಪಿದ್ರ ಈಗ ಹೇಳವಾ,” ಎಂದು ಪಿಸುಗುಟ್ಟಿದರು.

ಪೊಲೀಸರು ಅರ್ಜಿ ತೆಗೆದುಕೊಂಡರು. ಮುಂದಿನ ವಾರದ ಶನಿವಾರ, ಆ ಫೋಟೋವನ್ನು ಇಂಟರ್‌ನೆಟ್ಟಿನಿಂದ ತೆಗೆದುಹಾಕಿಸಿದ್ದೇವೆಂದು ಠಾಣೆಯಿಂದ ಫೋನ್ ಬಂತು. ಎಲ್ಲರ ಫೋನಿನಿಂದಲೂ ಹೋಯಿತೇ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಆದರೂ ಆ ಮಂಗಳವಾರದ ನಂತರ ಮೊದಲ ಸಲ ಅಂದು ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ.