ಬಕಲ್‌ಗೂ ಒಂದಿಷ್ಟು ವಿಭೂತಿ

ಆಯುಧಪೂಜೆಯ ದಿನ ಕಾರಿಗೆ ಪೂಜೆ ಮಾಡುವುದರಲ್ಲಿ ನನ್ನಷ್ಟು ಶ್ರದ್ಧೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಇನ್ನೊಬ್ಬರಿಗಿಲ್ಲ ಎಂಬುದು ನನ್ನದೇ ಅಭಿಪ್ರಾಯ. ಬೇರೆಯವರು ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸುತ್ತಾರೆ. ನಾನು ಜಾಕನ್ನೂ ಬಿಡುವವನಲ್ಲ. ಈ ಸಲ ಹೆಂಡತಿಯ ಸೀಟಿನ ಪಕ್ಕ ಬೆಲ್ಟ್ ಸಿಕ್ಕಿಸುವ ಬಕಲ್‌ಗೂ ನೀರಲ್ಲಿ ಕಲಸಿದ ವಿಭೂತಿ ಧಾರಾಳವಾಗಿ ಬಳಿದೆ. ಜೀವ ಕಾಯುವುದು ಅದೇ ತಾನೆ?

ಮೂರನೇ ದಿನ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು, ಆರಲೇ ಇಲ್ಲ. ತಪ್ಪು ಯಾರದೆಂದು ಹೇಳಲು ನನಗೆ ಮೆಕ್ಯಾನಿಕ್ ಬೇಕಾಗಲಿಲ್ಲ. ಕಾಲ ಬಳಿ ತರಕಾರಿ ಚೀಲ ತುರುಕಿ ವೈರು ಕಿತ್ತಿದ್ದೀಯ ಎಂದು ಹೆಂಡತಿಗೆ ಹೇಳಿದೆ. ಯಾರಿಗಾದರೂ ತೋರಿಸಿ ಎಂದಳು. ಗಾಡಿ ಓಡುತ್ತಿದೆಯಲ್ಲ, ದೀಪಕ್ಕೇನು ಅವಸರ ಎಂದೆ. ಅವಳ ಮಂಡಿನೋವಿಗೆ ಮೂರು ವಾರ ಅತ್ತಿಗುಪ್ಪೆಯ ಡಾಕ್ಟರ ಹತ್ತಿರ ಹಾಗೇ ಓಡಾಡಿದೆವು.

ಕೊನೆಗೆ ಅವಳ ಕಾಟ ತಾಳಲಾರದೆ ಕಾಮಾಕ್ಷಿಪಾಳ್ಯದ ಕಾರ್ ಎಲೆಕ್ಟ್ರಿಷಿಯನ್ ಬಳಿ ಹೋದೆವು. ನನ್ನ ವೈರಿನ ಸಿದ್ಧಾಂತವನ್ನು ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಸ್ಕ್ಯಾನರ್ ಸಿಕ್ಕಿಸಿ, ನೇರವಾಗಿ ಎಡ ಸೀಟಿನ ಬಕಲ್‌ಗೆ ಕೈ ಹಾಕಿದರು. ಅದನ್ನು ಬಿಚ್ಚಿದಾಗ, ಬೆಲ್ಟ್ ಹಾಕಿದೆಯೆಂದು ಏರ್‌ಬ್ಯಾಗಿಗೆ ತಿಳಿಸುವ ಒಳಗಿನ ಸ್ವಿಚ್ಚಿನ ಮೇಲೆ ಬಿಳಿ ಗಂಟು ಕಲ್ಲಿನಂತೆ ಕೂತಿತ್ತು. ಸಣ್ಣ ಸ್ಕ್ರೂಡ್ರೈವರಿನಿಂದ ಕೆರೆದು, ಬೆರಳಲ್ಲಿ ತಿಕ್ಕಿ ನೋಡಿದರು.

"ಸಾರ್, ಇದು ವಿಭೂತಿ," ಎಂದರು. ಯಾರು ಹಚ್ಚಿದ್ದು ಎಂದು ಕೇಳಲಿಲ್ಲ. ದೊಡ್ಡ ಮನುಷ್ಯರು.

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಅವರನ್ನೇ ಕೇಳಿದಳು:

"ಈ ಮೂರು ವಾರದಲ್ಲಿ ಎಲ್ಲಾದ್ರೂ ಡಿಕ್ಕಿ ಆಗಿದ್ರೆ?"

"ಆ ದೀಪ ಉರೀತಿದ್ರೆ ಏರ್‌ಬ್ಯಾಗ್ ನಂಬಂಗಿಲ್ಲ ಮೇಡಂ. ಓಪನ್ ಆಗ್ತಿರ್ಲಿಲ್ಲ ಅನ್ಸುತ್ತೆ."

ಮಾಗಡಿ ರಸ್ತೆಯಲ್ಲಿ ಬಸ್ಸುಗಳ ನಡುವೆ ನುಗ್ಗಿಸಿದ್ದು, ಅವಳು ನಿಧಾನ ಎಂದಾಗಲೆಲ್ಲ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

ಹೊಸ ಬಕಲ್ ಹಾಕಿದ ಮೇಲೆ ದೀಪ ಆರಿತು. ಎಂದೂ ಇಲ್ಲದ ಮರ್ಯಾದೆಯಿಂದ ಅವಳಿಗೆ ಮುಂದಿನ ಬಾಗಿಲು ತೆರೆದು ಹಿಡಿದೆ.

"ನಾನು ಹಿಂದೆ ಕೂತ್ಕೋತೀನಿ ರೀ," ಎಂದಳು ಸಮಾಧಾನವಾಗಿಯೇ.

ಹಿಂದಿನ ಸೀಟಿಗೆ ಹತ್ತಿ, ತಾನೇ ಬೆಲ್ಟ್ ಎಳೆದು ಸಿಕ್ಕಿಸಿಕೊಂಡಳು. ಜಗಳಕ್ಕೆ ಬಂದಿದ್ದರೆ ವಾದಿಸಲು ನನಗೂ ಏನಾದರೂ ಸಿಗುತ್ತಿತ್ತು.