ಸದರಿ ಲೆಟರ್

ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ ಸುರಪುರದ ಒಂದು ಖಾಸಗಿ ಪದವಿ ಕಾಲೇಜಿನ ಆಡಳಿತ ಮಂಡಳಿ ತನ್ನ ಇಂಗ್ಲಿಷ್ ಉಪನ್ಯಾಸಕಿಗೆ ನೋಟಿಸ್ ಕೊಟ್ಟಿತು. ತರಗತಿಯಲ್ಲಿ ವಿದ್ಯಾರ್ಥಿನಿಯರಿಗೆ ತೋರಿಸಿದ 'ಸದರಿ ಲೆಟರ್' ಅನ್ನು ಏಳು ದಿನದೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿತ್ತು. ಈ ಸುದ್ದಿ ಬರೆದವನು ನಾನು. ಯಾದಗಿರಿಯಲ್ಲಿ ಜಿಲ್ಲಾ ಕಚೇರಿ ಇರುವ ಒಂದು ದಿನಪತ್ರಿಕೆಗೆ ಸುರಪುರದ ವರದಿಗಾರ.

ಲೆಟರ್ ಹುಟ್ಟಿದ್ದು ದೇವಾಪುರದಲ್ಲಿ. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಅಂದು ಕಾಲೇಜಿಗೆ ಬಾರದ ಗೆಳತಿಗೆ ಫೋನಿನಲ್ಲಿ ಪಾಠ ಒಪ್ಪಿಸುತ್ತಿದ್ದಳು. "ಮೇಡಂ ಇವತ್ತ ಎದಿಮ್ಯಾಲಿನ ಲೆಟರಿಂದು ಹೇಳಿದ್ರು. ಗಂಡ ಬಂದು ಕೇಳಿದ್ರೂ ಆಕಿ ಯಾರಂತ ಬಾಯಿ ಬಿಡಂಗಿಲ್ಲಂತ. ನಾಳಿಗಿ ಎಲ್ಲಾರೂ ಬರ್ಕೊಂಡ ಬರ್ರಿ ಅಂದಾರ." ಅಂಗಳದ ಹೊರಸಿನ ಮೇಲೆ ಮಲಗಿದ್ದ ಅಪ್ಪ ಎದ್ದು ಕೂತ. ಅವನು ಕುರಿ ಸಾಕುವವನು. ಮಾತು ಕಡಿಮೆ, ಓದು ಇಲ್ಲ. ಮಗಳನ್ನು ಕೇಳದೆ, ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ತನ್ನ ಭಾವನ ಬಳಿ ಹೋದ. ಭಾವ ಬರೆದುಕೊಟ್ಟ ದೂರಿನ ಪ್ರತಿ ನನ್ನ ಬಳಿ ಇದೆ: "ಸದರಿ ಉಪನ್ಯಾಸಕಿಯು ಎದೆಯ ಮೇಲೆ ಲೆಟರ್ ಇಟ್ಟುಕೊಂಡು ಬಂದು, ಸದರಿ ಲೆಟರ್ ಅನ್ನು ಬಹಿರಂಗಪಡಿಸಿ, ಅಂತಹುದೇ ಲೆಟರ್ ಬರೆದು ತರುವಂತೆ ವಿದ್ಯಾರ್ಥಿನಿಯರಿಗೆ ಸೂಚಿಸಿರುತ್ತಾರೆ."

ಪಠ್ಯದಲ್ಲಿದ್ದದ್ದು ಒಂದು ಹಳೆಯ ಅಮೆರಿಕನ್ ಕಾದಂಬರಿ. ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರ ಊರಿನ ಕಥೆ. ಗಂಡ ದೂರದಲ್ಲಿದ್ದಾಗ ಮಗು ಹೆತ್ತ ಹೆಂಗಸಿಗೆ, ತಪ್ಪಿನ ಗುರುತಾಗಿ ಎದೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರ ತೊಟ್ಟುಕೊಂಡೇ ಬದುಕಬೇಕೆಂದು ಊರವರು ಶಿಕ್ಷೆ ವಿಧಿಸುತ್ತಾರೆ. ಮಗುವಿನ ತಂದೆ ಅದೇ ಊರಿನ ಪಾದ್ರಿ. ಅವನು ವಿಚಾರಣೆ ಮಾಡುವವರ ಸಾಲಿನಲ್ಲಿರುತ್ತಾನೆ. ಇಂಗ್ಲಿಷಿನಲ್ಲಿ ಅಕ್ಷರಕ್ಕೂ ಲೆಟರ್ ಎನ್ನುತ್ತಾರೆ, ಕಾಗದಕ್ಕೂ ಲೆಟರ್ ಎನ್ನುತ್ತಾರೆ. ಮಂಡಳಿಯಲ್ಲಿ ಇದು ಗೊತ್ತಿದ್ದವರು ಇಬ್ಬರಾದರೂ ಇದ್ದರು. ಪುಸ್ತಕ ತೆರೆದು ನೋಡಿದವರು ಮಾತ್ರ ಇರಲಿಲ್ಲ.

ನಾನೂ ನೋಡಿರಲಿಲ್ಲ. ಮಂಡಳಿಯ ಅಧ್ಯಕ್ಷರಿಗೆ ಫೋನ್ ಮಾಡಿ, ಲೆಟರಿನಲ್ಲಿ ಏನಿದೆ ಎಂದು ಕೇಳಿದೆ.

"ಅದಿನ್ನೂ ಸಿಕ್ಕಿಲ್ರಿ," ಎಂದರು. "ಇಷ್ಟ ಹುಡುಕಿದ್ರೂ ಸಿಕ್ಕಿಲ್ಲಂದ್ರ ಭಾರಿನೇ ಇರ್ಬೇಕು."

ಉಪನ್ಯಾಸಕಿಗೆ ಒಂದು ಸಲ ಫೋನ್ ಮಾಡಿದೆ, ಬೆಳಿಗ್ಗೆ ಹನ್ನೊಂದಕ್ಕೆ, ಅವರು ಪಾಠ ಮಾಡುವ ಹೊತ್ತಿಗೆ. 'ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ' ಎಂದು ಬರೆದೆ. ನಮ್ಮ ವೃತ್ತಿಯಲ್ಲಿ 'ಎನ್ನಲಾಗಿದೆ' ಎಂಬ ಪದವಿದೆ. ಯಾರು ಅಂದರು ಎಂದು ಹೇಳದೆ ಅಂದದ್ದನ್ನೆಲ್ಲ ಅಚ್ಚು ಹಾಕಲು ಅನುಕೂಲ. ಆರು ಸಾಲಿನಲ್ಲಿ ಅದನ್ನು ಮೂರು ಸಲ ಬಳಸಿದ್ದೆ. 'ಪತ್ರ ಪ್ರಕರಣ: ಉಪನ್ಯಾಸಕಿಗೆ ನೋಟಿಸ್' ಎಂದು ಶೀರ್ಷಿಕೆ ಕೊಟ್ಟಿದ್ದೆ. ಸುದ್ದಿ ತಿದ್ದಿ ಪುಟ ಕಟ್ಟುವ ಯಾದಗಿರಿಯ ಡೆಸ್ಕಿನಲ್ಲಿ ಶೀರ್ಷಿಕೆಗೆ ಎರಡು ಅಕ್ಷರ ಕಡಿಮೆ ಬಿದ್ದವು. ಅವರು 'ಪ್ರೇಮ' ಸೇರಿಸಿದರು.

ಮರುದಿನ ಮಧ್ಯಾಹ್ನ ಉಪನ್ಯಾಸಕಿ ಪುಸ್ತಕ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಕೆಳಗೆ ಝೆರಾಕ್ಸ್ ಅಂಗಡಿ. ಅಲ್ಲಿಯ ಸಾಲು ಅವರು ಮೆಟ್ಟಿಲು ಹತ್ತುವುದನ್ನೇ ನೋಡುತ್ತಿತ್ತು.

"ಸುದ್ದಿ ನೀವ ಬರ್ದೀರೇನ್ರಿ ಸರ್?"

"ಹೌದ್ರಿ."

"ಪ್ರೇಮಪತ್ರ ಅಂತ ಯಾರು ಹೇಳಿದ್ರು?"

"ಡೆಸ್ಕಿನವ್ರು ಹಾಕ್ಯಾರ್ರಿ."

"ಡೆಸ್ಕಿನವ್ರಿಗಿ ಯಾರು ಹೇಳಿದ್ರು?"

ನಾನು ಖುರ್ಚಿ ತೋರಿಸಿದೆ. ಅವರು ಕೂರಲಿಲ್ಲ.

"ಇಂಗ್ಲಿಷಿನ್ಯಾಗ ಇಪ್ಪತ್ತಾರು ಲೆಟರ್ ಅದಾವ. ಯಾವುದು ಬೇಕಂತ ನಮ್ಮ ಅಧ್ಯಕ್ಷರಿಗಿ ಕೇಳ್ರಿ, ಹಾಜರ್ ಮಾಡ್ತೀನಿ," ಎಂದರು. ಆಮೇಲೆ ದನಿ ಇಳಿಸಿದರು. "ನಂದು ಪರ್ಮನೆಂಟ್ ಕೆಲಸ ಅಲ್ರಿ. ವರ್ಷಾ ವರ್ಷಾ ಜೂನಿನ್ಯಾಗ ಹೊಸ ಆರ್ಡರ್ ಬರ್ಬೇಕು. ಹೆಸರಿಗಿ ಇದೊಂದು ಅಂಟ್ಕೊಂಡ್ರ ಸುರಪುರ ಅಷ್ಟ ಅಲ್ರಿ, ಶಹಾಪುರದಾಗೂ ಯಾರೂ ಕರ್ಯಂಗಿಲ್ಲ."

ಅಂದು ಸಂಜೆಯೇ ಡೆಸ್ಕಿಗೆ ತಿದ್ದುಪಡಿ ಕಳಿಸಿದೆ. ಡೆಸ್ಕಿನ ಮುಖ್ಯಸ್ಥರು ಫೋನ್ ಮಾಡಿದರು.

"ಇದನ್ನ ಹಾಕಿದ್ರ ನಾವ ತಪ್ಪು ಮಾಡೀವಿ ಅಂದಂಗ ಆಗ್ತದಲ್ಲೋ."

"ಮಾಡೀವಲ್ರಿ."

"ಮಾಡಿದ್ದು ಮಂದಿಗೆಲ್ಲಿ ಗೊತ್ತದ?"

ಎಂಟನೇ ದಿನ ವಿಚಾರಣೆ. ನಾಲ್ಕು ಜನರ ಎದುರು ಮುಗಿಯಬಹುದಾದದ್ದನ್ನು ಅಧ್ಯಕ್ಷರು ಕಾಲೇಜಿನ ಸಭಾಂಗಣಕ್ಕೆ ತಂದಿದ್ದರು. ವಿದ್ಯಾರ್ಥಿಗಳಿಗೆ ಹಾಜರಿ ಕಡ್ಡಾಯ. ಪಾಠಕ್ಕೆ ಕಡ್ಡಾಯ ಹಾಜರಿ ಎಂಬುದು ಆ ಕಾಲೇಜಿನಲ್ಲಿ ಅದುವರೆಗೆ ಕೇಳಿರದ ಸಂಗತಿ. ವೇದಿಕೆಯ ಮೇಲೆ ಐದು ಖುರ್ಚಿ, ಐದು ಗಂಡಸರು. ಆರನೆಯವರಿಗೆ ಖುರ್ಚಿ ಹಾಕಿರಲಿಲ್ಲ. ಉಪನ್ಯಾಸಕಿ ನಿಂತಿದ್ದರು. ಪ್ರಾಂಶುಪಾಲರು ಮೈಕ್ ಸರಿಯಿದೆಯೇ ಎಂದು ಎರಡು ಸಲ ಬಡಿದು ನೋಡಿದರು.

"ಎಲ್ಲಾರ ಮುಂದ ಕ್ಷಮಾ ಕೇಳ್ರಿ, ಮುಗಸೋಣು," ಎಂದರು ಅಧ್ಯಕ್ಷರು.

"ಕೇಳ್ತೀನ್ರಿ. ಯಾವುದಕ್ಕಂತ ಹೇಳ್ರಿ."

"ಮೊದಲ ಲೆಟರ್ ಕೊಡ್ರಿ. ಓದಿ ಹೇಳ್ತೀವಿ."

ಅವರು ಬೋರ್ಡಿನ ಬಳಿ ಹೋಗಿ ಸೀಮೆಸುಣ್ಣದಲ್ಲಿ ಆ ಒಂದು ಅಕ್ಷರವನ್ನು ಹಿಂದಿನ ಸಾಲಿಗೂ ಕಾಣುವಷ್ಟು ದೊಡ್ಡದಾಗಿ ಬರೆದರು. "ಇದ ರೀ ಲೆಟರ್. ಹಾಜರ್ ಮಾಡೀನಿ." ಹುಡುಗರು ನಕ್ಕರು. ಅವರು ನಗು ಮುಗಿಯುವವರೆಗೆ ಕಾದು, ಕಾದಂಬರಿಯ ಕಥೆಯನ್ನು ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿದರು. ಸಭಾಂಗಣ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಮಂತ್ರಿಗಳ ಭಾಷಣಕ್ಕೂ ಕಂಡಿಲ್ಲ.

ಬಾಗಿಲ ಬಳಿ ಹೆಗಲ ಮೇಲೆ ಕಂಬಳಿ ಹೊತ್ತು ನಿಂತಿದ್ದ ದೇವಾಪುರದ ಅಪ್ಪ ಕೈ ಎತ್ತಿದ. "ಅಕ್ಕೋರ, ಆ ಕೂಸಿನ ಅಪ್ಪ ಆವಾಗ ಎಲ್ಲಿದ್ದ?"

"ಅಲ್ಲೇ ಇದ್ದನ್ರಿ. ಹಿರೇರ ಸಾಲಿನ್ಯಾಗ."

ವೇದಿಕೆಯ ಮೇಲೆ ಒಂದು ಖುರ್ಚಿ ಕಿರ್ರೆಂದಿತು. ಯಾರದೆಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿಲ್ಲ.

"ಕುರಿಗಿ ನಾವೂ ಬಣ್ಣ ಹಚ್ತೀವಿ," ಎಂದ ಅವನು. "ಮಂದಿ ಹಿಂಡಿನ್ಯಾಗ ಸೇರಿದ್ರ ನಮ್ಮದಂತ ಗುರುತ ಹಿಡ್ಯಾಕ. ಆ ಊರವ್ರು ನಮ್ಮದಲ್ಲಂತ ಹೇಳಾಕ ಹಚ್ಯಾರಲ್ಲ. ನಂದ ತಪ್ಪಾಗ್ಯದ ಅಕ್ಕೋರ. ಸಾಹೇಬ್ರ, ನನ್ನ ಅರ್ಜಿ ವಾಪಸ್ ಕೊಡ್ರಿ."

"ಅರ್ಜಿ ಈಗ ನಿಂದಲ್ಲಪಾ," ಎಂದರು ಅಧ್ಯಕ್ಷರು. "ಸಂಸ್ಥೆದು."

"ನನ್ನ ಹೆಬ್ಬೆಟ್ಟ ಅದರಾಗ ಅದಲ್ರಿ."

"ಹೆಬ್ಬೆಟ್ಟ ಇರ್ಲಿ. ಮರ್ಯಾದಿ ನಮ್ಮದು." ಅವರು ಬೋರ್ಡಿನ ಕಡೆ ಒಮ್ಮೆ ನೋಡಿ ಕಾಲೇಜಿನ ಗುಮಾಸ್ತನಿಗೆ ಹೇಳಿದರು, "ಬರ್ಕೋ. ಹಾಜರುಪಡಿಸಿರುವುದು ಮೂಲ ಪ್ರತಿ ಅಲ್ಲ."

ಗುಮಾಸ್ತ ಬರೆದುಕೊಂಡ. ಹೊರಗೆ ಬಂದಾಗ ನಾನು ಅಧ್ಯಕ್ಷರನ್ನು ಕೇಳಿದೆ, "ಪುಸ್ತಕ ಓದೀರೇನ್ರಿ ಸಾಹೇಬ್ರ?"

"ಅಂಥಾದ್ನ ಓದಿ ನಾ ಯಾಕ ಕೆಡ್ಲಿರಿ?" ಎಂದು ಅವರು ಕಾರು ಹತ್ತಿದರು. ಕಾದಂಬರಿ ಪಠ್ಯದಲ್ಲೇ ಉಳಿಯಿತು. ಅದನ್ನು ತೆಗೆಯುವ ಅಧಿಕಾರ ಕಾಲೇಜಿಗಿರಲಿಲ್ಲ. ಉಪನ್ಯಾಸಕಿ ವರ್ಷದ ಕೊನೆಯವರೆಗೆ ಅದನ್ನೇ ಪಾಠ ಮಾಡಿದರು. ಆ ತರಗತಿಗೆ ಬೇರೆ ವಿಭಾಗದವರೂ ಬಂದು ಕೂರುತ್ತಿದ್ದರಂತೆ. ಏಳನೇ ಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ, ನಮ್ಮ ತಿದ್ದುಪಡಿ ಅಂತೂ ಇಂತೂ ದಸರಾ ಹೊತ್ತಿಗೆ ಬಂತು: 'ಪ್ರೇಮಪತ್ರ ಎಂಬುದನ್ನು ಅಕ್ಷರ ಎಂದು ಓದಿಕೊಳ್ಳಬೇಕು.' ಹಳೆಯ ಸುದ್ದಿ ಮರೆತಿದ್ದವರು 'ಯಾವ ಪ್ರೇಮಪತ್ರ?' ಎಂದು ಫೋನ್ ಮಾಡಿ ಕೇಳಿದರು. ಹಾಗೆ ಅದು ಇನ್ನೊಮ್ಮೆ ಊರೆಲ್ಲ ಸುತ್ತಿತು.

ಈ ಜೂನಿನಲ್ಲಿ ಮಂಡಳಿ ಉಳಿದ ಹಂಗಾಮಿ ಉಪನ್ಯಾಸಕರಿಗೆಲ್ಲ ಹೊಸ ಆರ್ಡರ್ ಕೊಟ್ಟಿತು. ಇಂಗ್ಲಿಷ್ ಉಪನ್ಯಾಸಕಿಯ ಹೆಸರಿನ ಮುಂದೆ 'ವಿಚಾರಣೆ ಬಾಕಿ' ಎಂದಿತ್ತು. ಅವರು ಶಹಾಪುರದ ಇನ್ನೊಂದು ಕಾಲೇಜಿಗೆ ಅರ್ಜಿ ಹಾಕಿದರು. ಸಂದರ್ಶನ ನಡೆಸಿದವರ ಮೇಜಿನ ಮೇಲೆ ನನ್ನ ಆರು ಸಾಲಿನ ಸುದ್ದಿಯ ಝೆರಾಕ್ಸ್ ಇತ್ತು. ಏಳನೇ ಪುಟದ ತಿದ್ದುಪಡಿ ಇರಲಿಲ್ಲ. ಅದನ್ನು ನಾನು ಮರುದಿನ ಸ್ವತಃ ಒಯ್ದು ಕೊಟ್ಟೆ. ಅವರು ಸೌಜನ್ಯದಿಂದ ತೆಗೆದುಕೊಂಡು, ವಿಚಾರಣೆ ಮುಗಿದಿದೆ ಎಂದು ಸುರಪುರದ ಕಾಲೇಜು ಬರೆದುಕೊಟ್ಟರೆ ಸಾಕು ಎಂದರು.

ಉಪನ್ಯಾಸಕಿ ಅದಕ್ಕಾಗಿ ಎರಡು ಸಲ ಮನವಿ ಕೊಟ್ಟಿದ್ದಾರೆ. ಮೂಲ ಪ್ರತಿ ಸಿಗದೆ ಕಡತ ಮುಚ್ಚಲು ಬರುವುದಿಲ್ಲ ಎಂದು ಕಾಲೇಜು ಹೋದ ಗುರುವಾರ ಲಿಖಿತ ಉತ್ತರ ಕೊಟ್ಟಿದೆ. ಶಹಾಪುರದವರು ಈ ತಿಂಗಳ ಕೊನೆಯವರೆಗೆ ಆ ಜಾಗ ಖಾಲಿ ಇಟ್ಟಿದ್ದಾರೆ.