ಹುಳಿ ಬ್ರೆಡ್ಡು ವಾಪಸ್ ಕೊಡಲು ಹೋದ ದಿನ

ಸಂಜೆ ಐದೂವರೆಗೆ ಮನೆಯಲ್ಲಿರಬೇಕು, ದಾರಿ ತಪ್ಪಿತೆಂದು ಫೋನು ಮಾಡಬಾರದು. ನಮ್ಮವರು ಹಾಕಿದ ಷರತ್ತು ಇದು. ಎಂಬತ್ತರ ದಶಕದ ನಡುವಿನ ಮಾತು. ಬೆಂಗಳೂರಿನಿಂದ ಅಮೆರಿಕದ ಹೇವರ್ಡಿಗೆ ಬಂದು ಎಂಟು ತಿಂಗಳಾಗಿತ್ತು. ಅಲ್ಲಿ ಗುಡ್ಡದ ಮೇಲಿನ ಯೂನಿವರ್ಸಿಟಿಯಲ್ಲಿ ಟೀಚರ್ ಟ್ರೇನಿಂಗ್ ಸೇರಬೇಕೆಂದು ನನಗೆ ಆಸೆ. ಅಡ್ಮಿಷನ್ ಫಾರಂ ತುಂಬಿಸಿ, ಕವರಿಗೆ ಹಾಕಿ ಫ್ರಿಜ್ಜಿನ ಮೇಲಿಟ್ಟು ವಾರವಾಗಿತ್ತು.

“ಮಲ್ಲೇಶ್ವರದಲ್ಲೇ ದಾರಿ ತಪ್ಪಿದವಳು ನೀನು. ಇಲ್ಲಿ ದಿನಾ ಎರಡು ಬಸ್ಸು ಬದಲಾಯಿಸ್ತೀಯಾ? ಮೊದ್ಲು ಒಂದಿನ ಸ್ಯಾನ್ ಫ್ರಾನ್ಸಿಸ್ಕೋಗೆ ಒಬ್ಳೇ ಹೋಗ್ಬಾ. ಸರಿಯಾಗಿ ಬಂದ್ರೆ ಆ ಕವರಿಗೆ ನಾನೇ ಸ್ಟ್ಯಾಂಪು ನೆಕ್ಕಿ ಅಂಟಿಸ್ತೀನಿ,” ಎಂದರು.

“ಹಾಗಾದ್ರೆ ನಾಲಿಗೆ ರೆಡಿ ಇಟ್ಕೊಳ್ಳಿ,” ಎಂದೆ.

ಜುಲೈ ತಿಂಗಳಾದರೂ ಆ ಊರಿನಲ್ಲಿ ಚಳಿ. ಸೀರೆ, ಅದರ ಮೇಲೆ ಅವರ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ. ಟ್ರೈನು ಸಮುದ್ರದ ಅಡಿಯ ಸುರಂಗಕ್ಕೆ ಇಳಿದಾಗ ಕಣ್ಣು ಮುಚ್ಚಿದೆ. ಕಾನ್ವೆಂಟಿನ ಪ್ರೇಯರೂ ಅಜ್ಜಿಯ ಶ್ಲೋಕವೂ ಒಂದರ ಮೇಲೊಂದು ಬಿದ್ದು ಬಂದವು. ಆಮೇಲೆ ರಸ್ತೆಯ ಹಳಿಯ ಮೇಲೆ ಗುಡ್ಡ ಹತ್ತುವ ಕೇಬಲ್ ಕಾರಿನ ಹೊರಗಿನ ಬೆಂಚಿನಲ್ಲಿ ಕೂತೆ. ಒಂದು ಕೈ ಕಂಬದ ಮೇಲೆ, ಇನ್ನೊಂದು ನೆರಿಗೆಯ ಮೇಲೆ. ಗುಡ್ಡದ ನೆತ್ತಿಗೆ ಬಂದಾಗ ರಸ್ತೆ ಮುಗಿದು ನೀರೇ ಕಂಡಿತು. ಬಿಳಿ ಹಾಯಿಗಳು, ಹಳೆಯ ಜೈಲಿನ ದ್ವೀಪ, ಸೇತುವೆಯನ್ನು ಅರ್ಧ ನುಂಗಿದ ಮಂಜು. “ವಾವ್!” ಎಂದು ಜೋರಾಗಿ ಹೇಳಿಬಿಟ್ಟೆ. ಒಬ್ಬಳೇ ಇದ್ದೆನಲ್ಲ, ಮೆಲ್ಲಗೆ ಎನ್ನುವವರು ಯಾರೂ ಇರಲಿಲ್ಲ.

ಇಟಲಿಯವರ ಬೀದಿಯಲ್ಲಿ ಕಾಫಿ ಕುಡಿದೆ. ಬೊಟ್ಟಿನಷ್ಟು ಕಪ್ಪಿನಲ್ಲಿ ನಮ್ಮ ಡಿಕಾಕ್ಷನ್ನಿನಂಥ ಕಾಫಿ! ಎಂಟು ತಿಂಗಳಲ್ಲಿ ಮೊದಲ ಬಾರಿ ನಾಲಿಗೆಗೆ ಕಾಫಿ ಎನಿಸಿದ್ದು. ಇನ್ನೊಂದು ಕುಡಿದೆ. ಅಲ್ಲಿಂದ ಇಳಿದು ಮೀನುಗಾರರ ಕಟ್ಟೆಗೆ ಬಂದರೆ ಎಲ್ಲೆಲ್ಲೂ ಏಡಿ ಬೇಯುವ ವಾಸನೆ. ಜನ ದುಂಡನೆಯ ಬ್ರೆಡ್ಡನ್ನು ಬಟ್ಟಲಿನಂತೆ ಕೊರೆಸಿ, ಅದರಲ್ಲಿ ಚಿಪ್ಪುಮೀನಿನ ಸೂಪು ತುಂಬಿಸಿಕೊಂಡು ತಿನ್ನುತ್ತಿದ್ದರು. “ಪ್ಲೀಸ್, ನನಗೆ ಬಟ್ಟಲು ಮಾತ್ರ ಕೊಡಿ,” ಎಂದು ಕೇಳಿದೆ. ಅಂಗಡಿಯ ಹುಡುಗಿ ನಗು ತಡೆಯಲಾರದೆ ಎದುರಿನ ಬೇಕರಿ ತೋರಿಸಿದಳು.

ಅಲ್ಲಿ ಎರಡು ಬ್ರೆಡ್ಡು ಕೊಂಡು ಬೆಂಚಿನ ಮೇಲೆ ಕೂತು ಒಂದನ್ನು ಮುರಿದು ಬಾಯಿಗಿಟ್ಟರೆ ಹುಳಿ! ಪರದೇಶದವಳೆಂದು ಬೇಕರಿಯವನು ಹಳಸಿದ್ದನ್ನು ಕೊಟ್ಟನಲ್ಲ ಎಂದು ಮೈ ಉರಿಯಿತು. ಎದ್ದು ಹೋಗಿ, ಸಿಸ್ಟರ್‌ಗಳು ಕಲಿಸಿದ ಅತಿ ನಯವಾದ ಇಂಗ್ಲಿಷಿನಲ್ಲಿ ದೂರು ಹೇಳಿದೆ.

ಮೈಯೆಲ್ಲ ಹಿಟ್ಟಾಗಿದ್ದ ಮುದುಕ ಹೊಟ್ಟೆ ಹಿಡಿದು ನಕ್ಕ. ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗೆ: “ತಾಯೀ, ಹುಳಿ ಇಲ್ಲದಿದ್ರೆ ವಾಪಸ್ ತರಬೇಕಿತ್ತು! ಬನ್ನಿ ಒಳಗೆ.”

ಒಳಗೆ ಜಾಡಿಯಲ್ಲಿ ಹಿಟ್ಟು ಗುಳ್ಳೆ ಗುಳ್ಳೆಯಾಗಿ ಉಬ್ಬಿತ್ತು. ಅವರಪ್ಪನ ಕಾಲದ್ದಂತೆ. ದಿನಾ ಒಂದಿಷ್ಟು ಉಳಿಸಿ ಹೊಸ ಹಿಟ್ಟಿಗೆ ಸೇರಿಸುತ್ತಾರಂತೆ, ನಾವು ಹಾಲಿಗೆ ಹೆಪ್ಪು ಹಾಕುವ ಹಾಗೆ. ದೋಸೆಹಿಟ್ಟು ಹುಳಿಯಾಗಲಿ ಎಂದು ದಿನಾ ಕಾಯುವವಳು ಇವನ ಮೇಲೆ ಜಗಳಕ್ಕೆ ಬಂದಿದ್ದೆನಲ್ಲ! ನಾಚಿಕೆಯಾಗಿ ದೋಸೆಯ ಕಥೆ ಹೇಳಿದೆ. ಹೇವರ್ಡಿನ ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ ಎಂದೆ. “ಗ್ಯಾಸ್ ಓವನ್ ಇದೆಯಾ? ಹಚ್ಚಬೇಡಿ. ಒಳಗೆ ಸದಾ ಉರಿಯುವ ಪುಟ್ಟ ಪೈಲಟ್ ದೀಪದ ಬಿಸಿಯೇ ಸಾಕು, ರಾತ್ರಿ ಅಲ್ಲಿಡಿ,” ಎಂದ. ಅಕ್ಕಿ ಎಷ್ಟು, ಉದ್ದು ಎಷ್ಟು ಎಂದು ಅವನು ಕೇಳಿ ಮುಗಿಸುವ ಹೊತ್ತಿಗೆ ಗಡಿಯಾರ ಐದಕ್ಕೆ ಕಾಲು ಗಂಟೆ ಇದೆ ಎಂದಿತು.

ಓಡಿದೆ. ಸ್ಟೇಷನ್ನಿನ ಫೋನಿನ ಮುಂದೆ ನಾಣ್ಯ ಹಿಡಿದು ನಿಂತಾಗಲೇ ಐದೂಕಾಲು. ಮನೆಯಲ್ಲಿ ಗಾಬರಿಪಡುತ್ತಾರೆ, ಫೋನು ಮಾಡಿಬಿಡಲೇ? ದನಿ ಕೇಳಿದ ಕೂಡಲೇ ದಾರಿ ತಪ್ಪಿದ್ದಾಳೆ ಎಂದುಕೊಳ್ಳುತ್ತಾರೆ, ಆಮೇಲೆ ಫಾರಂ ಫ್ರಿಜ್ಜಿನ ಮೇಲೆಯೇ. ನಾಣ್ಯ ಪರ್ಸಿಗೆ ಹಾಕಿ ಟ್ರೈನು ಹತ್ತಿದೆ.

ಮನೆ ಮುಟ್ಟಿದಾಗ ಆರೂ ಹತ್ತು. ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ನನ್ನದು.

“ಎಲ್ಲಿ ಹಾಳಾಗಿ ಹೋಗಿದ್ಯೇ ಮಾರಾಯ್ತಿ! ಒಂದು ಫೋನಾದ್ರೂ ಮಾಡಬಾರ್ದಾ?”

“ಮಾಡಬಾರ್ದು ಅಂತ ಹೇಳಿದ್ದು ಯಾರ್ರೀ?”

“ದಾರಿ ತಪ್ತಾ?”

“ಇಲ್ಲ. ಬೇಕರಿಯವನ ಜೊತೆ ಮಾತಾಡ್ತಾ ನಿಂತೆ. ಟೈಮು ಮೀರಿತು. ಸೋತೆ.”

“ಮಾತಾಡ್ತಾ ನಿಂತ್ಯಾ?” ಮೆಟ್ಟಿಲ ಮೇಲೇ ಕುಸಿದು ಕೂತರು. “ನಾನಿಲ್ಲಿ ಪೊಲೀಸ್ ನಂಬರ್ ಹುಡುಕ್ತಾ ಇದ್ರೆ, ಇವಳು ಬೇಕರಿಯವನ ಹತ್ರ ಹರಟೆ! ಇನ್ನು ನಿನ್ನನ್ನ ಎಲ್ಲಿ ಬಿಟ್ರೂ ಭಯವಿಲ್ಲ ಬಿಡು.” ಹಸಿದಿದ್ದರೋ ಏನೋ, ನನ್ನ ಚೀಲದಲ್ಲಿದ್ದ ಇನ್ನೊಂದು ಬ್ರೆಡ್ಡನ್ನು ಮುರಿದು ಬಾಯಿಗಿಟ್ಟು ಮುಖ ಕಿವುಚಿದರು. “ಲೇ, ಇದು ಹಳಸಿದೆ ಕಣೇ! ವಾಪಸ್ ಕೊಡ್ಬೇಕಿತ್ತು!”

ನಾನು ಮೆಟ್ಟಿಲ ಕಂಬ ಹಿಡಿದು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಈಗಿನ ಸ್ಟ್ಯಾಂಪುಗಳಿಗೆ ಅಂಟು ಮೊದಲೇ ಇರುತ್ತದೆ. ನೆಕ್ಕುವವರೂ ಹೋಗಿ ನಾಲ್ಕು ವರ್ಷವಾಯಿತು. ಅಂದು ಮಾತ್ರ ಅವರು ಕೈ ತೊಳೆದು ಬಂದು, ಫ್ರಿಜ್ಜಿನ ಮೇಲಿನ ಕವರು ತೆಗೆದು, ಸ್ಟ್ಯಾಂಪನ್ನು ನಾಲಿಗೆಗೆ ಒತ್ತಿ, ಸೊಟ್ಟಗೆ ಅಂಟಿಸಿದರು.

“ನಿನ್ನ ಬ್ರೆಡ್ಡಿಗಿಂತ ಇದೇ ವಾಸಿ,” ಎಂದರು.